ಟವೆಲ್ಲಿನ ಕೆಳಗೆ ಹಿಡಿದ ಬೆರಳು

ಶಿವಲಿಂಗ, ಆ ವರ್ಷ ಹಿರಿಯರು ಆರಿಸಿದ್ದು ನಿನ್ನನ್ನು. ಮಾಳವ್ವನನ್ನಲ್ಲ — ನಿನ್ನನ್ನು. ಹೆಸರು ಬದಲಿಸಿ ಕೂಗಿದವನು ನಾನು, ನೀನು ಇಂದಿಗೂ ಬಾಯ್ತುಂಬ ಕಾಕಾ ಎನ್ನುವ ಇದೇ ದಲಾಲ ಗುರಣ್ಣ. ನೋಡು, ಬರೆದೇಬಿಟ್ಟೆ! ಇಷ್ಟು ವರ್ಷ ಮುಚ್ಚಿಟ್ಟದ್ದು ಕೊನೆಗೂ ಹೊರಗೆ ಬೀಳುತ್ತಿದೆಯಲ್ಲ ಎಂಬ ಉಮೇದಿನಲ್ಲಿದ್ದೇನೆ. ಈಗ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಅದಿಲ್ಲದೆ ನನ್ನ ತಪ್ಪಿನ ಅಳತೆ ಸಿಗುವುದಿಲ್ಲ. ನಮ್ಮ ಕಾಸಾರಶಿರಸಿಯಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತ್ ಅಂಗಡಿಗಳಲ್ಲಿ ಆಗ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು ಟವೆಲ್ಲಿನ ಮರೆಯಲ್ಲಿ ದಲಾಲನ ಬೆರಳು ಹಿಡಿದು ತಿಳಿಸಬೇಕು. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗಬಾರದು. ಭೂಕಂಪವಾದ ಮೇಲೆ ಪೇಟೆಯವರು ಅಂಗಡಿಗೆ ಬಂದ ಪ್ರತಿ ಚೀಲದಿಂದ ಒಂದು ಬೊಗಸೆ ತೊಗರಿ, ಒಂದು ಬೊಗಸೆ ಜೋಳ ಎಂದು ಮಕ್ಕಳ ಓದಿಗೆ ತೆಗೆದಿಡತೊಡಗಿದರಲ್ಲ — ಆ ಬೊಗಸೆ ನಿಧಿಯಿಂದ ವರ್ಷಕ್ಕೊಬ್ಬರನ್ನು ಮುಂದೆ ಓದಿಸುವುದೆಂದಾಯಿತು. ಯಾರನ್ನು ಎಂಬುದನ್ನೂ ಹಿರಿಯರು ಟವೆಲ್ಲಿನ ಕೆಳಗೇ ಹೇಳುವುದು, ಮನೆಮನೆಗಳ ನಡುವೆ ಹಗೆ ಹುಟ್ಟಬಾರದು ಎಂದು. ಯಾರ ಕೈ ಏನು ಹೇಳಿತೆಂದು ಯಾರೂ ಎಂದೂ ಬಾಯಿ ಬಿಡಬಾರದು, ಬಸವಣ್ಣನ ಮೇಲೆ ಆಣೆ. ಎಲ್ಲರ ಕೈಯನ್ನೂ ಬಲ್ಲವನು ದಲಾಲನೊಬ್ಬನೇ.

ಆ ವರ್ಷ ಕೊನೆಗೆ ಉಳಿದವರು ಇಬ್ಬರು. ಒಬ್ಬ ನೀನು — ಮನೆಯ ಗೋಡೆ ಬಿದ್ದು ತಾಯಿಯನ್ನು ಕಳೆದುಕೊಂಡವನು, ಬೀಳದಂಥ ಮನೆ ಕಟ್ಟುವುದನ್ನು ಕಲಿಯುತ್ತೇನೆಂದು ಎಂಜಿನಿಯರಿಂಗಿಗೆ ಹೊರಟವನು. ಆರಿಸುವ ಹಿರಿಯರಲ್ಲಿ ಒಬ್ಬನಾದ ನಿಮ್ಮಪ್ಪ ಸಿದ್ರಾಮಣ್ಣನ ಕಿರಾಣಿ ಅಂಗಡಿಯೂ ಅದೇ ಭೂಕಂಪದಲ್ಲಿ ನೆಲ ಕಂಡಿತ್ತು. ಇನ್ನೊಬ್ಬಳು ಮಾಕಣಿಯ ಕುರಿಗಾರರ ಮಗಳು ಮಾಳವ್ವ, ಉದಗೀರಕ್ಕೆ ಹೋಗಿ ದನಕರುಗಳ ಡಾಕ್ಟರಾಗಬೇಕೆಂದವಳು. ಹೆಣ್ಣುಹುಡುಗಿ ಒಬ್ಬಳೇ ಅಲ್ಲಿ ಹೇಗಿರುತ್ತೀ ಎಂದು ಹಿರಿಯರೊಬ್ಬರು ಕೇಳಿದರು. ಆಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಕುರಿ ಹಿಂದ ಬಯಲಾಗ ಒಬ್ಬಾಕೀನೇ ಮಲಗೀನ್ರೀ. ಅಲ್ಲಿ ತಲಿ ಮ್ಯಾಲ ಮಾಳಿಗಿಯಾದರೂ ಇರತದಲ್ರೀ."

ಅಂಗಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ನನಗೆ ಮಾತ್ರ ಮೈ ಜುಮ್ಮೆಂದಿತು. ಎಂಥ ಹುಡುಗಿ ಮಾರಾಯ ಎಂದುಕೊಂಡೆ.

ಆಮೇಲೆ ಟವೆಲ್ಲು ಹರಡಿದೆ. ಒಂದು ಬೆರಳು ಹಿಡಿದರೆ ನೀನು, ಎರಡು ಹಿಡಿದರೆ ಮಾಳವ್ವ. ಕೈಗಳು ಒಂದೊಂದಾಗಿ ಒಳಗೆ ಬಂದವು, ಹೋದವು. ಹೆಚ್ಚಿನವರು ಒಂದೇ ಬೆರಳು ಹಿಡಿದರು, ಅದರಲ್ಲಿ ಅನುಮಾನವೇ ಇಲ್ಲ. ನಾನು ಎದ್ದು ನಿಂತೆ. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ! ಜೀವನವಿಡೀ ಇನ್ನೊಬ್ಬರ ದರ ಕೂಗಿದವನು ನಾನು. ಇದೊಂದು ಸಲ ನನ್ನದೇ ಮಾತು ಕೂಗಿದರೆ — ಕೇಳುವವರು ಯಾರು? ಆ ಯೋಚನೆಯ ರುಚಿಯೇ ನನ್ನ ತಲೆ ತಿರುಗಿಸಿತು. ಹುಡುಗಿಯ ಮೇಲಿನ ಕನಿಕರ ಎಂದು ನಾನೇ ನನಗೆ ಬಹಳ ವರ್ಷ ಹೇಳಿಕೊಂಡೆ. ಸುಳ್ಳು. ಕನಿಕರ ಇದ್ದದ್ದು ಚಿಟಿಕೆಯಷ್ಟು, ಉಳಿದದ್ದೆಲ್ಲ ಗಮ್ಮತ್ತು.

"ಮಾಳವ್ವ!" ಎಂದು ಕೂಗಿದೆ.

ಆಕೆಯ ಅಪ್ಪ ತಮ್ಮ ದೇವರು ಬೀರಪ್ಪನ ಹೆಸರು ಹಿಡಿದು ಅರಿಶಿನದ ಭಂಡಾರ ತೂರಿದ, ನನ್ನ ತಲೆ, ಮೀಸೆ ಎಲ್ಲ ಹಳದಿಯಾಯಿತು. ನಾನು ಕುಣಿದೆ, ಶಿವಲಿಂಗ — ನಿಜವಾಗಿಯೂ ಕುಣಿದೆ. ನೀನೂ ಚಪ್ಪಾಳೆ ತಟ್ಟಿದೆ, ಪಾಪ. ತಟ್ಟುತ್ತಲೇ ತಿರುಗಿ ನಿಮ್ಮಪ್ಪನ ಮುಖ ನೋಡಿದೆ.

ಮತ್ತೆ ಎಬ್ಬಿಸಿದ ಅಂಗಡಿಯನ್ನು ಮಗ ಬಿಟ್ಟು ಹೋಗಬಾರದೆಂದು ಸಿದ್ರಾಮಣ್ಣನೇ ಎರಡು ಬೆರಳು ಹಿಡಿದಿರಬೇಕು ಎಂದು ಪೇಟೆಯಲ್ಲಿ ಗುಸುಗುಸು ಎದ್ದಿತು. ನೀನು ನಂಬಿದೆ. ಕೇಳಿದ್ದಕ್ಕೆ ಅವನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಆಣೆಗೆ ಕಟ್ಟುಬಿದ್ದವನು ಏನು ಹೇಳಿಯಾನು? ನೀನು ಮನೆ ಬಿಟ್ಟು ನಿಲಂಗಾದ ಸಿಮೆಂಟಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ನಾನು ಎಲ್ಲವನ್ನೂ ನೋಡುತ್ತ ತಂಬಾಕು ತಿಕ್ಕುತ್ತ ಕೂತಿದ್ದೆ.

ಒಂದು ಮಧ್ಯಾಹ್ನ ಸಿದ್ರಾಮಣ್ಣ ನನ್ನ ಬಳಿ ಬಂದ. ಪಕ್ಕದಲ್ಲಿ ಕೂತು ಕೇಳಿದ: "ಗುರಣ್ಣಾ, ನನ್ನ ಕೈ ನಿನಗ ಬರೋಬರ್ ತಿಳೀತೋ ಇಲ್ಲೋ?"

"ತಿಳೀತು ಅಣ್ಣಾ," ಎಂದೆ. "ಬಾಕಿಯವರು ಒಪ್ಪಲಿಲ್ಲ."

ಹೆಸರು ಕೂಗಿದ್ದು ಹುಮ್ಮಸ್ಸಿನಲ್ಲಿ. ಈ ಸುಳ್ಳು ಹೇಳಿದ್ದು ತಣ್ಣಗೆ ಕೂತು. ಉಮರ್ಗಾದ ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚುವಾಗಲೂ ಆಣೆ ಮುರಿಯಲಿಲ್ಲ, ನೀನು ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಅವನ ಕಾಲ ಬಳಿ ಕೂತಿದ್ದವನು ನಾನು. ಆಗಲಾದರೂ ಎದ್ದು ಬಂದು ಹೇಳಬಹುದಿತ್ತು —

ಮಾಳವ್ವನದು ಎಳ್ಳಷ್ಟೂ ತಪ್ಪಿಲ್ಲ. ಆಕೆ ಡಾಕ್ಟರಾಗಿ ಮೋಟರ್ ಸೈಕಲ್ ಮೇಲೆ ಕುರಿಹಟ್ಟಿಗಳಿಗೆ ಬರುವುದನ್ನು ಕಂಡರೆ ನನಗೆ ಈಗಲೂ ಖುಷಿ ತಡೆಯಲಾಗುವುದಿಲ್ಲ! ಆದರೆ ಆ ಖುಷಿಯನ್ನೂ ನಾನು ನಿನ್ನ ಪಾಲಿನಿಂದಲೇ ಕದ್ದದ್ದು. ಒಳ್ಳೆಯದಾಯಿತಲ್ಲ ಎಂದು ನಿನ್ನೆದುರು ಅದನ್ನು ಮುಂದೆ ಹಿಡಿಯಲಾರೆ.

ಮೊನ್ನೆ ಹಿರಿಯರು ಈ ವರ್ಷ ನೀನೂ ಆರಿಸಲು ಕೂರಬೇಕೆಂದು ಕರೆದರು. ನೀನು ನನ್ನ ಕಡೆ ತಿರುಗಿ ಹೇಳಿದೆ: "ಆ ಟಾವೆಲ್ ಒಳಗ ನಮ್ಮಪ್ಪನೇ ನನಗ ಬ್ಯಾಡ ಅಂದ. ನಾ ಕೈ ಹಾಕಂಗಿಲ್ರೀ, ಕಾಕಾ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಹೇಳಿದೆ, ನಕ್ಕು ಹೇಳಿದೆ. ಮನೆಗೆ ಬಂದೆ. ಆಮೇಲೆ ಥಟ್ಟನೆ ಹೊಳೆಯಿತು — ಅರೆ, ಇದನ್ನು ಬಿಡಿಸಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ, ಮತ್ತು ನಾನಿನ್ನೂ ಬದುಕಿದ್ದೇನೆ! ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಆರಿಸುವ ದಿನ ಅಂಗಡಿಯ ನಡುವೆ ನಿಂತು ಎಲ್ಲರೆದುರು ಇದನ್ನೇ ಕೂಗುತ್ತೇನೆ. ಆಣೆ ಮುರಿದದ್ದರ ಫಲ ನನಗಿರಲಿ. ನಿನ್ನ ಕ್ಷಮೆ ಕೇಳುವುದಿಲ್ಲ, ನೀನು ಕೊಡಲೂ ಬೇಡ. ಆದರೆ ಜನರಿಗಿಂತ ಮೊದಲು ನಿನಗೆ ತಿಳಿಯಬೇಕಾದ್ದು ಒಂದಿದೆ. ನಿಮ್ಮಪ್ಪನ ಕೈ ಕೊನೆಗೆ ಬಂತು, ತಣ್ಣಗಿತ್ತು. ಒಂದು ಬೆರಳು ಹಿಡಿದ. ನನಗೆ ತಿಳಿಯಿತೋ ಇಲ್ಲವೋ ಎಂದು ಅನುಮಾನಿಸಿ ಬಿಟ್ಟು, ಮತ್ತೆ ಹುಡುಕಿ, ಅದನ್ನೊಂದನ್ನೇ ಹಿಡಿದ. ಉಗುರು ನೋಯುವವರೆಗೆ ಒತ್ತಿದ, ಶಿವಲಿಂಗ — ನಾನಾಗಿಯೇ ಬಿಡಿಸಿಕೊಳ್ಳುವವರೆಗೆ ಬಿಡಲಿಲ್ಲ.