ಕುರಿಯಾಗದ ಕಾರ್ಡು

ಗಿಫ್ಟ್ ಕಾರ್ಡಿಗೆ ಸಾಯುವ ತಾರೀಖು ಇರುತ್ತದೆ. ನೂರರ ನೋಟಿಗೆ ಇರುವುದಿಲ್ಲ. ಇದು ನಿಮಗೆ ಗೊತ್ತು. ಗೊತ್ತಿದ್ದೂ ಕೊಡುತ್ತೀರಿ, ರಿಬ್ಬನ್ ಕಟ್ಟಿ, ಫೋಟೋ ಹೊಡೆಸಿಕೊಂಡು ಕೊಡುತ್ತೀರಿ. ಆ ಕಾರ್ಡು ತಗೊಂಡವರ ಮನೆಯಲ್ಲಿ ಹೆಂಗ ಸಾಯುತ್ತದೆ ಅಂತ ನೋಡಲು ಮಾತ್ರ ಯಾರೂ ಹೋಗುವುದಿಲ್ಲ. ನಮ್ಮ ಓಣಿಯಲ್ಲಿ ಒಂದು ಸತ್ತಿದೆ. ಅದರ ಹೆಣ ಇನ್ನೂ ಕಾರಖಾನೆಯ ಗೋಡೆಯ ಮೇಲಿದೆ. ಅದನ್ನು ಅಲ್ಲಿ ಅಂಟಿಸಿದವಳು ಸೋನಾಬಾಯಿ.

ಸೋನಾಬಾಯಿ ಅಕ್ಕಲಕೋಟ ತಾಲೂಕಿನ ಹನ್ನೂರಿನವಳು. ಕುರಿ ಸಾಕುವ ಮನೆತನ, ಬೀರೋಬಾ ಮನೆದೇವರು. ಗಂಡ ಕಲ್ಲಣ್ಣ ಊರಲ್ಲೇ ಇದ್ದು ಹಿಂಡು ಕಾಯುತ್ತಾನೆ. ಇವಳು ಮಗಳು ಕಾಜಲಳ ಕಾಲೇಜಿನ ಸಲುವಾಗಿ ಸೊಲ್ಲಾಪುರಕ್ಕೆ ಬಂದು, ವಿಜಾಪುರ ರಸ್ತೆಯ ಹಿಂದೆ ಒಂದು ಖೋಲಿ ಹಿಡಿದು, ಟಾವೆಲ್ ಕಾರಖಾನೆಯಲ್ಲಿ ಅಂಚು ಹೊಲಿಯುವ ಕೆಲಸಕ್ಕೆ ಸೇರಿದಳು.

ಕಲ್ಲಣ್ಣ ಕುಡಿಯುವವನಲ್ಲ, ಹೊಡೆಯುವವನಲ್ಲ. ಅವನಿಗಿರುವುದು ಒಂದೇ ಚಟ. ಕೈಗೆ ರೊಕ್ಕ ಬಂದರೆ ಅದು ಕುರಿಯಾಗುತ್ತದೆ. ತವರಿನವರು ಸೀರೆಗೆಂದು ಸೋನಾಬಾಯಿಗೆ ಕೊಟ್ಟದ್ದು ಕುರಿಯಾಯಿತು. ಕಾಜಲ ಹತ್ತನೇ ಇಯತ್ತೆ ಪಾಸಾದಾಗ ಸೋದರಮಾವ ಕೊಟ್ಟ ಪಾಕೀಟೂ ಕುರಿಯಾಯಿತು. "ನಮ್ಮ ಮನಿಗಿ ಲಕ್ಷ್ಮಿ ಬಂದ್ಲಂದ್ರ ನಾಕ ಕಾಲ ಹಚ್ಕೊಂಡು ಹುಲ್ಲ ಮೇಯಾಕ ಹೋಗ್ತಾಳ ನೋಡ್ರಿ," ಅಂತ ಸೋನಾಬಾಯಿ ನಗುತ್ತಿದ್ದಳು. ಆ ನಗುವಿನ ಕೆಳಗೆ ಸಿಟ್ಟಿತ್ತು.

ಹಿಂದೆಲ್ಲ ದೀಪಾವಳಿಗೆ ಕಾರಖಾನೆಯ ಮಾಲಕ ಒಂದು ಸೀರೆ, ಮಿಠಾಯಿ ಡಬ್ಬಿ, ಪಾಕೀಟಿನಲ್ಲಿ ಇಷ್ಟು ಅಂತ ಕೊಡುತ್ತಿದ್ದ. ಹೋದ ವರ್ಷ ಅವೆಲ್ಲ ನಿಂತವು. ಬದಲಿಗೆ ಒಬ್ಬೊಬ್ಬರ ಕೈಗೂ ಒಂದು ನುಣುಪಾದ ಕಾರ್ಡು ಬಂತು. ವಿಜಾಪುರ ರಸ್ತೆಯ ಒಂದು ದೊಡ್ಡ ಗಾಜಿನ ಅಂಗಡಿಯದು. ಎರಡು ಸಾವಿರದ ಸಾಮಾನು ಬರುತ್ತದೆ ಅಂದರು.

"ಇದನ್ನ ಹರದ ತಿನ್ನಬೇಕೋ, ನೆಕ್ಕಬೇಕೋ?" ಅಂದಳು ಪಕ್ಕದ ಮಶೀನಿನ ಸಕ್ಕುಬಾಯಿ.

ಸೋನಾಬಾಯಿ ಮಾತ್ರ ಕಾರ್ಡನ್ನು ತಿರುವಿ ತಿರುವಿ ನೋಡಿ ಕೇಳಿದಳು, "ಇದನ್ನ ಕೊಟ್ರ ಅಂಗಡ್ಯಾವ್ರು ಕುರಿ ಕೊಡ್ತಾರೇನ?"

"ಹುಚ್ಚಿ! ಅಲ್ಲಿ ಎಲ್ಲಿ ಕುರಿ? ಅಂಗಿ, ಬೂಟ, ಭಾಂಡಿ."

"ಹಂಗಾದ್ರ ಛಲೋ ಆತು," ಅಂದಳು ಸೋನಾಬಾಯಿ.

ಇಲ್ಲಿ ಈ ಕಾರ್ಡನ್ನು ಬೈಯುವುದೇ ನನ್ನ ಕೆಲಸ. ಆದರೂ ಅದಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಮನೆಯ ಗಂಡಸರ ಕೈಗೆ ಹೋಗಿ ಬೇರೇನೋ ಆಗದೆ, ಹೆಣ್ಣುಮಗಳ ಹತ್ತಿರವೇ ಉಳಿಯುವ ಕಾಣಿಕೆ ನಮ್ಮ ಕಡೆ ಬಹಳ ಇಲ್ಲ. ಮದುವೆಯಲ್ಲಿ ಆಹೇರಿ ಅಂತ ಮಾಡುವ ಸೀರೆ, ಟೋಪಿ, ಟಾವೆಲ್ ಊರೂರು ತಿರುಗಿ, ಯಾರ ಮೈಯನ್ನೂ ಮುಟ್ಟದೆ ಮಾಸುತ್ತವೆ. ಈ ಕಾರ್ಡಿನಿಂದ ಒಂದು ಹುಡುಗಿ ತನಗೆ ಬೇಕಾದ್ದನ್ನು ತಾನೇ ಆರಿಸಬಹುದಿತ್ತು.

ಕಾಜಲಳಿಗೆ ಬೇಕಾದದ್ದು ಓಡುವ ಬೂಟು. ಅವಳು ಪೊಲೀಸ್ ಭರ್ತಿಯ ತಯಾರಿ ನಡೆಸಿದ್ದಳು. ನಸುಕಿನಲ್ಲಿ ಎದ್ದು ರಸ್ತೆಯ ಬದಿಗೆ ಓಡುತ್ತಿದ್ದಳು, ಹೆಬ್ಬೆರಳು ಹೊರಗೆ ಇಣುಕುವ ಹಳೇ ಕ್ಯಾನ್ವಾಸಿನಲ್ಲಿ. ಗ್ರೌಂಡ್ ಅನ್ನುವ ಓಟದ ಪರೀಕ್ಷೆಯಲ್ಲಿ, ಎಂಟುನೂರು ಮೀಟರಿಗೆ ಎರಡು ಉಸಿರು ಹಿಂದೆ ಬಿದ್ದರೆ ಹೆಸರು ಹೋಗುತ್ತದೆ.

"ಅವ್ವಾ, ಈಗ ತಗೊಳೂಣು."

"ಗ್ರೌಂಡಿನ ತಾರೀಖ ಬರ್ಲಿ. ಈಗ ತಗೊಂಡ್ರ ಅಷ್ಟೊತ್ತಿಗಿ ಸವದ ಹೋಗ್ತಾವ. ಅಲ್ಲಿ ಮಟಾ ದೇವರ ಹಂತೇಕ ಇರ್ಲಿ."

ಸೋನಾಬಾಯಿ ಹನ್ನೂರಿಗೆ ಹೋದಾಗ ಕಾರ್ಡನ್ನು ಕೆಂಪು ಅರಿವೆಯಲ್ಲಿ ಸುತ್ತಿ, ಬೀರೋಬಾನ ಜಗಲಿಯ ಮೇಲಿಟ್ಟು, ಮೇಲೆ ಒಂದು ಹಿಡಿ ಅರಿಷಿಣದ ಭಂಡಾರ ಚೆಲ್ಲಿದಳು. ನಮ್ಮ ಮಂದಿ ಬೀಜವನ್ನೂ ಹಾಗೇ ಇಡುತ್ತಾರೆ, ಮೊದಲ ಪಗಾರವನ್ನೂ ಹಾಗೇ ಇಡುತ್ತಾರೆ. ಇಟ್ಟದ್ದು ಕೆಡುವುದಿಲ್ಲ ಅನ್ನುವ ನಂಬಿಕೆಯ ಮೇಲೇ ನಮ್ಮ ಸಂಸಾರಗಳು ನಡೆದಿವೆ. ಇಟ್ಟರೆ ಕೆಡುವ ರೊಕ್ಕವನ್ನು ಯಾರೋ ಬುದ್ಧಿವಂತರು ತಯಾರಿಸಿದ್ದಾರೆ ಅಂತ ಅವಳಿಗೆ ಹೇಳಿದವರಾರು? ಕಾರ್ಡಿನ ಬೆನ್ನಿಗೆ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತಂತೆ. ಭಂಡಾರದ ಕೆಳಗೆ.

ಗ್ರೌಂಡಿನ ತಾರೀಖು ಬರಲು ಜೂನಿನ ಮಿರಗದ ಮಳೆ ಶುರುವಾಗಬೇಕಾಯಿತು. ಇನ್ನು ಹದಿನೈದು ದಿನ ಇತ್ತು. "ಹೊಸ ಬೂಟ ಕಾಲ ಕಚ್ಚತಾವ, ಒಂದೆಂಟ ದಿನರೆ ಹಾಕ್ಕೊಂಡ ಓಡಬೇಕು," ಅಂದಳು ಕಾಜಲ. ಮರುದಿನವೇ ಸೋನಾಬಾಯಿ ಹನ್ನೂರಿಗೆ ಹೋಗಿ ಅರಿಷಿಣ ಮೆತ್ತಿದ ಕಾರ್ಡು ತಂದಳು, ಅವ್ವ ಮಗಳು ಅದನ್ನು ಹಿಡಿದು ಗಾಜಿನ ಅಂಗಡಿಗೆ ಹೋದರು. ಕಾಜಲ ಬೂಟು ಆರಿಸಿದಳು, ಕಾಲಿಗೆ ಹಾಕಿದಳು, ಅಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿದಳು. ಸೋನಾಬಾಯಿ ಅಂಗಡಿಯ ನಡುವೆಯೇ ಮಗಳ ದೃಷ್ಟಿ ತೆಗೆದಳು.

ಗಲ್ಲೆಯ ಹುಡುಗಿ ಕಾರ್ಡನ್ನು ಒರೆಸಿ, ಮಶೀನಿಗೆ ತೋರಿಸಿ, ಮರಾಠಿಯಲ್ಲಿ ಅಂದಳು: "ಮಾವಶೀ, ಹೇ ಎಕ್ಸ್‌ಪೈರ್ ಝಾಲಂಯ."

"ಏನಂತಾಳ?"

"ಸತ್ತದಂತವ್ವಾ," ಅಂದಳು ಕಾಜಲ. "ಆರ ತಿಂಗಳ ಇತ್ತಂತ. ಅಕ್ಷಯ ತದಗಿ ಮುಂದ ಮುಗದದ."

"ರೊಕ್ಕ ಸಾಯ್ತದೇನ? ಕೇಳ ಆಕಿಗಿ, ಆ ರೊಕ್ಕ ಯಾರ ತಗೊಂಡ್ರು?"

"ಯಾರೂ ತಗೊಂಡಿಲ್ಲಂತ."

"ಯಾರೂ ತಗೊಂಡಿಲ್ಲಂದ್ರ ಇನ್ನ ಇವರ ಹಂತೇಕನ ಅದ. ಕೊಡಂತ ಹೇಳು."

ಹಿಂದೆ ನಿಂತ ಸಾಲು ನಕ್ಕಿತು. ನಗುವಂಥದ್ದೇನಿತ್ತು ಅದರಲ್ಲಿ? ಇಡೀ ಅಂಗಡಿಯಲ್ಲಿ ಲೆಕ್ಕ ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಮ್ಯಾನೇಜರ್ ಬಂದ, ಸಿಸ್ಟಮ್ ಅಂದ, ಕಂಪನಿ ರೂಲು ಅಂದ. ಕಾಜಲ ಬೂಟು ಬಿಚ್ಚಿಟ್ಟು ತನ್ನ ಕ್ಯಾನ್ವಾಸು ಹಾಕಿಕೊಂಡಳು.

ಮರುದಿನ ಕಾರಖಾನೆಯಲ್ಲಿ ಸೋನಾಬಾಯಿ ಒಬ್ಬೊಬ್ಬರನ್ನೇ ಕೇಳಿದಳು: ನಿನ್ನ ಕಾರ್ಡೇನಾಯಿತು? ಸಕ್ಕುಬಾಯಿ ನಾಗಣಸೂರಿನ ಒಂದು ಮದುವೆಯಲ್ಲಿ ಕಾರ್ಡಿಗೆ ಕುಂಕುಮ ಹಚ್ಚಿ ಆಹೇರಿ ಮಾಡಿ ಬಂದಿದ್ದಳು. ರತ್ನಾಬಾಯಿಯದು ಜೋಳದ ಡಬ್ಬಿಯಲ್ಲಿತ್ತು. ತುಳಜಾಬಾಯಿ ಅಂಗಡಿಯ ತನಕ ಹೋಗಿ ತಿರುಗಿ ಬಂದಿದ್ದಳು. "ಆ ಗಾಜಿನ ಬಾಗಲಾ ನೋಡಿ ನನ್ನ ಚಪ್ಪಲಿಗಿ ನಾಚಿಕಿ ಬಂತವ್ವಾ," ಅಂದಳು. ಇನ್ನೊಬ್ಬಳು ಕುಕ್ಕರ್ ತಂದಿದ್ದಳು, ಮೇಲೆ ತನ್ನ ಎಂಟುನೂರು ಸುರಿದು. ಒಂದು ವಿಭಾಗದ ಅರ್ಧ ದೀಪಾವಳಿ ಸದ್ದಿಲ್ಲದೆ ಅಂಗಡಿಯವರ ಗಲ್ಲೆಯಲ್ಲೇ ಉಳಿದಿತ್ತು. ಕಾರಕೂನ ಬಾಯಿ ಜಾರಿ ಇನ್ನೊಂದು ಹೇಳಿದ: ಇಷ್ಟು ಕಾರ್ಡು ಒಟ್ಟಿಗೆ ತಗೊಂಡದ್ದಕ್ಕೆ ಮಾಲಕನಿಗೆ ರಿಯಾಯಿತಿಯೂ ಸಿಕ್ಕಿತ್ತು.

ಊಟದ ಸುಟ್ಟಿಯಲ್ಲಿ ಹೆಂಗಸರೆಲ್ಲ ಮಾಲಕನ ಕೋಣೆಯ ಮುಂದೆ ನಿಂತರು. ಸೋನಾಬಾಯಿ ಒಳಗೆ ಹೋಗಿ, ಹಳದಿ ಕಾರ್ಡನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟಳು.

"ಮಾಲಕ್ರ, ನಿಮ್ಮ ಆಹೇರಿ ತಿರಗಿ ತಂದೀನ್ರಿ."

ಆಹೇರಿ ತಿರುಗಿ ಕೊಟ್ಟರೆ ಸಂಬಂಧ ಹರಿಯಿತು ಅಂತ ಅರ್ಥ. ಮಾಲಕನೂ ಇದೇ ಸೀಮೆಯವ. ಅವನ ಮುಖ ಕಪ್ಪಿಟ್ಟಿತು.

"ನಾ ಅಂಗಡ್ಯಾವ್ರಿಗಿ ರೊಕ್ಕ ಎಣಿಸಿ ಕೊಟ್ಟೀನಿ, ಸೋನಾಬಾಯಿ. ನೀವು ಟೈಮಿಗಿ ಖರ್ಚ ಮಾಡ್ಲಿಲ್ಲಂದ್ರ ನಾ ಏನ ಮಾಡ್ಲಿ?"

"ಹೌದ್ರಿ. ಅವ್ರಿಗಿ ಕೊಟ್ಟೀರಿ. ನಮಗ ಕೊಟ್ಟಿಲ್ಲ."

ಅವನು ಬಾಗಿಲು ಅರೆ ಮುಚ್ಚಿ, ಕಿಸೆಯಿಂದ ಐನೂರರ ನಾಲ್ಕು ನೋಟು ತೆಗೆದ. "ನಿನ್ನ ಮಗಳ ಬೂಟಿನ ಸುದ್ದಿ ಕೇಳೀನಿ. ಇದನ್ನ ಇಟ್ಕೋ. ಹೊರಗ ಹೇಳಬ್ಯಾಡ."

ಬೂಟು ಆ ನೋಟುಗಳಲ್ಲೇ ಇತ್ತು. ಕೈ ಚಾಚಿದರೆ ಸಾಕಿತ್ತು.

"ಹೊರಗ ಎಲ್ಲಾರೂ ನಿಂತಾರ್ರಿ ಮಾಲಕ್ರ. ಅವರದೂ ತಗೀರಿ, ನಂದೂ ತಗೋತೀನಿ."

ನೋಟು ತಿರುಗಿ ಕಿಸೆಗೆ ಹೋದವು. ಅವಳು ಹಳದಿ ಕಾರ್ಡನ್ನು ಎತ್ತಿಕೊಂಡು ಬಂದು ಹೊಲಿಗೆ ವಿಭಾಗದ ಗೋಡೆಗೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಅಂಟಿಸಿದಳು.

ಆ ಸಂಜೆ ಖೋಲಿಯೊಳಗಿನ ಜಗಳ ಓಣಿಗೆಲ್ಲ ಕೇಳಿಸಿತು. "ತಗೋಬೇಕಿತ್ತು!" ಅಂತ ಕಾಜಲ ಕೂಗುತ್ತಿದ್ದಳು. "ನಿನ್ನ ಮಾನ ಕಾಲಿಗಿ ಕಟ್ಕೊಂಡು ಓಡ್ಲೇನ ನಾ?" ಸೋನಾಬಾಯಿ ಸೂಜಿ ತೆಗೆದಳು. ಹರಿದ ಕ್ಯಾನ್ವಾಸು ತಗೊಂಡು ದಪ್ಪ ದಾರದಿಂದ ಹೊಲಿಯುತ್ತ ಕೂತಳು. ಟಾವೆಲ್ಲಿನ ಅಂಚಿನಷ್ಟು ಸುಲಭಕ್ಕೆ ಬಗ್ಗುವುದಲ್ಲ ಬೂಟು.

ಆ ಜಗಳ ಫೋನಿನಲ್ಲಿ ಕಲ್ಲಣ್ಣನ ಕಿವಿಗೂ ಬಿತ್ತು. ಹೇಳಿದವಳು ಕಾಜಲಳೇ. ಎರಡು ದಿನ ಬಿಟ್ಟು ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಸೊಲ್ಲಾಪುರಕ್ಕೆ ಬಂದ. ಮಗಳನ್ನು ಕರೆದುಕೊಂಡು ಗಾಜಿಲ್ಲದ ಒಂದು ಸಾದಾ ಬೂಟಿನ ಅಂಗಡಿಗೆ ಹೋಗಿ, ಚೌಕಾಸಿ ಮಾಡಿ, ನೋಟು ಎಣಿಸಿ ಕೊಟ್ಟು, ಅವಳ ಕಾಲಿಗೆ ಬೂಟು ಹಾಕಿಸಿಯೇ ಮನೆಗೆ ಕರೆತಂದ.

ಸೋನಾಬಾಯಿ ಬೂಟು ನೋಡಿದಳು, ಗಂಡನ ಮುಖ ನೋಡಿದಳು. "ರೊಕ್ಕ ಎಲ್ಲಿಂದ ಬಂತ್ರಿ?"

"ಅಕ್ಕಲಕೋಟ ಬಾಜಾರದಾಗ ಕರೇ ಕುರಿ ಕೊಟ್ಟೆ."

"ಗಬ್ಬಿದ್ದದ್ದ?"

"ಹೂಂ."

"ನಿಮಗ ಜ್ವರಾ ಗಿರಾ ಬಂದಾವೇನ? ಕುರಿ ಕೊಟ್ಟ ಮನಿಷ್ಯಾ ಅಲ್ಲ ನೀವು."

"ಕೊಟ್ಟಿಲ್ಲ ಬಿಡ," ಅಂದ ಕಲ್ಲಣ್ಣ. "ಓಡಾಕ ಕಳಿಸೀನಿ."

ಅವಳು ಆ ದಿನ ಮೊದಲ ಬಾರಿಗೆ ಸಿಟ್ಟಿಲ್ಲದೆ ನಕ್ಕಳು. ಕಾರ್ಡು ಯಾವ ಕುರಿಯಾಗದೆಂಬ ಧೈರ್ಯದಿಂದ ಅದನ್ನು ದೇವರ ಬಳಿ ಇಟ್ಟಿದ್ದಳೋ, ಆ ಕುರಿಯೇ ಬೂಟಾಗಿ ಬಂದಿತ್ತು. ಕುರಿಗೆ ಯಾವ ಅಂಗಡಿಯ ಹಂಗೂ ಇಲ್ಲ. ಇಟ್ಟರೆ ಅದು ಮರಿ ಹಾಕುತ್ತದೆ.

ಕಾಜಲ ಗ್ರೌಂಡ್ ಪಾಸಾದಳು. ಬರೆಯುವ ಪರೀಕ್ಷೆ ಇನ್ನೂ ಇದೆ. ಖೋಲಿಯಲ್ಲಿ ದೀಪ ಉರಿಯುತ್ತಿರುತ್ತದೆ.

ಈ ವರ್ಷದ ದೀಪಾವಳಿ ಹತ್ತಿರ ಬಂತು. ಹೋದ ವಾರ ಮಾಲಕ ಹೊಲಿಗೆ ವಿಭಾಗಕ್ಕೆ ಬಂದು, ಈ ಸಲದ ಕಾರ್ಡಿಗೆ ಪೂರಾ ಒಂದು ವರ್ಷದ ಅವಧಿ ಇದೆ ಅಂತ ದೊಡ್ಡ ಮನಸ್ಸಿನಿಂದ ಸಾರಿದ. ಮಶೀನು ನಿಂತವು. ಹೆಂಗಸರು ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಸೋನಾಬಾಯಿ ಗೋಡೆಯ ಮೇಲಿನ ಹಳದಿ ಕಾರ್ಡು ತೋರಿಸಿ ಅಂದಳು: "ಮೊದಲ ನಮಗ ಕೇಳ್ರಿ ಮಾಲಕ್ರ. ಕೊಡೂದು ಆಮ್ಯಾಲ."

ಅವನು ವಿಚಾರ ಮಾಡುತ್ತೇನೆ ಅಂದು ಹೋದ. ಇನ್ನೂ ವಿಚಾರ ಮಾಡುತ್ತಿದ್ದಾನೆ. ಮಾಡಲಿ. ಸೋನಾಬಾಯಿ ಹಿಂದೆ ಸರಿಯುವವಳಲ್ಲ.

ಆದರೆ ನೀವು? ನಿಮ್ಮ ಮನೆಯಲ್ಲಿ ಭಾಂಡಿ ತಿಕ್ಕುವವಳಿಗೆ, ನಿಮ್ಮ ಅಂಗಡಿಯ ಕೆಲಸದವನಿಗೆ ಕೊಡಬೇಕೆಂದು ಕಪಾಟಿನಲ್ಲಿ ಒಂದು ಕಾರ್ಡು ತಂದಿಟ್ಟಿದ್ದೀರಲ್ಲ, ಅದನ್ನು ನೀವೇ ಖರ್ಚು ಮಾಡಿಕೊಳ್ಳಿರಿ. ಇವತ್ತೇ ಅವರ ಮುಂದೆ ಹೋಗಿ ನಿಂತು, ನಿಮಗೇನು ಬೇಕು ಅಂತ ಬಾಯಿ ತೆರೆದು ಕೇಳಿರಿ. ಅವರು ಹೇಳಿದ್ದನ್ನೇ ಕೊಡಿರಿ.