ಶಿವಬಸವ್ವನ ಎರಡನೆಯ ಮಗ

ಶಿವಬಸವ್ವನಿಗೆ ಫೋನೇ ಬೇಕಾಗಿರಲಿಲ್ಲ. ಪುಣೆಯ ಕಾತ್ರಜದಲ್ಲಿ ನಿಂತು ಆಕೆ ಬಾಯಿ ತೆರೆದರೆ ದನಿ ಹಡಪಸರ ದಾಟಿ ನೇರ ಮಗನಿದ್ದ ಕುರಕುಂಭ ಮುಟ್ಟುತ್ತದೆ ಎಂದು ವಿಜಾಪುರದ ಬಸ್ಸಿನ ಡ್ರೈವರುಗಳು ನಗುತ್ತಿದ್ದರು. ಆದರೂ ಪ್ರತಿ ರವಿವಾರ ಮಧ್ಯಾಹ್ನ ನನ್ನ ಬೂತಿಗೆ ಬಂದು, ಗಾಜಿನ ಬಾಗಿಲು ಎಳೆದುಕೊಂಡು, ಮಗ ಮಾಂತುವಿನ ಜೊತೆ ಮಾತಾಡುತ್ತಿದ್ದಳು. ಆ ಬಾಗಿಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಾತ್ರಜದ ಬಸ್ ನಿಲ್ದಾಣದ ಎದುರಿಗೆ ನನ್ನ ಎಸ್‌ಟಿಡಿ ಬೂತು ಹದಿನೈದು ವರ್ಷ ನಡೆಯಿತು. ನಾನು, ಮಲಕಪ್ಪ, ನಾಲ್ಕನೇ ಇಯತ್ತೆಗೆ ಶಾಲೆಗೆ ಕೈಮುಗಿದು ಬಂದವನು. ಮರಾಠಿ, ಹಿಂದಿ, ಯಂತ್ರದ ರಿಪೇರಿ ಎಲ್ಲವನ್ನೂ ಆ ಸ್ಟೂಲಿನ ಮೇಲೆ ಕೂತೇ ಕಲಿತೆ. ಯಾವ ಮಾಸ್ತರನೂ ಕಲಿಸದ ಒಂದು ವಿದ್ಯೆಯೂ ಅಲ್ಲಿ ಸಿಕ್ಕಿತು: ಮುಖ ಕಾಣದ ಮನುಷ್ಯನ ಮಾತು ಖರೆಯೋ ಸುಳ್ಳೋ ಎಂದು ತೂಗುವುದು. ಅದರಲ್ಲಿ ನನ್ನನ್ನು ಮೀರಿಸಿದವರು ಯಾರೂ ಇರಲಿಲ್ಲ, ಶಿವಬಸವ್ವನನ್ನು ಬಿಟ್ಟು.

ಆಕೆ ಚಡಚಣದ ಕಡೆಯವಳು. ಕಲ್ಲು ಒಡೆಯುವ ಕೆಲಸಕ್ಕೆಂದು ಗಂಡ ಪುಣೆಗೆ ಕರೆತಂದವನು ತೊಂಬತ್ತೊಂದರಲ್ಲಿ ಜ್ವರ ಬಂದು ತೀರಿಕೊಂಡ. ಬಳಗದವರು ಊರಿಗೆ ನಡೆ ಎಂದರು. ಆಕೆ ಹೋಗಲಿಲ್ಲ. ರಾತ್ರಿಯೆಲ್ಲ ಗಾಡಿ ಓಡಿಸುವ ಕರ್ನಾಟಕದ ಡ್ರೈವರುಗಳು ವಡಾಪಾವು ತಿಂದು ಮುಖ ಕಿವುಚುವುದನ್ನು ಕಂಡಿದ್ದಳು. ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ತಟ್ಟತೊಡಗಿದಳು. ವರ್ಷ ತುಂಬುವುದರೊಳಗೆ ಆಕೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಲ್ಲದೆ ಯಾವ ಬಸ್ಸೂ ಗಡಿ ದಾಟುತ್ತಿರಲಿಲ್ಲ. ಆ ರೊಟ್ಟಿಯ ಮೇಲೆಯೇ ಮಾಂತುವಿಗೆ ಐಟಿಐ ಓದಿಸಿ, ಕುರಕುಂಭದ ಕೆಮಿಕಲ್ ಕಾರ್ಖಾನೆಗೆ ಸೇರಿಸಿದಳು. ಗಂಡ ಹೋದ ಮೇಲೆ ತಾಳಿ ತೆಗೆದಿಟ್ಟಳು, ತಾಯಿ ಕೊಟ್ಟ ಬೋರಮಾಳ ತೆಗೆಯಲಿಲ್ಲ. ಆ ಬಂಗಾರದ ಗುಂಡುಗಳ ಸರ ಮಾಂತುವಿನ ಹೆಂಡತಿಯ ಕೊರಳಿಗೆ ಎಂದು ಹಟ ತೊಟ್ಟಿದ್ದಳು.

ಮಾಂತು ಕೆಲಸಕ್ಕೆ ಸೇರಿದ ಮೊದಲ ವಾರ ಕಾರ್ಖಾನೆಯ ಗೇಟಿಗೆ ಫೋನು ಹಚ್ಚಿಕೊಟ್ಟವನು ನಾನೇ. "ಮಾಂತೂನ ಕರೀರಿ" ಎಂದರೆ ಗೇಟಿನ ವಾಚಮನ್ ಭುಜಂಗ, "ಮಾಂತು ಬಿಂತು ಕೋಣೀ ನಾಹೀ ಇಥೇ" ಎಂದು ಪಟ್ಟನೆ ಇಟ್ಟುಬಿಟ್ಟ. ಅಂಥವನು ಇಲ್ಲೇ ಇಲ್ಲವಂತೆ! ಆಮೇಲೆ ತಿಳಿಯಿತು. ಮರಾಠಿ ಮಂದಿ ಅಡ್ಡಹೆಸರಿನಿಂದ ಕರೆಯುವವರು. ಅಲ್ಲಿ ಇವನು ಬರೀ ಸಾವಳಗಿ. ಜೊತೆಗೆ ದುಡಿಯುವವರಿಗೂ ಮಾಂತು ಎಂಬ ಹೆಸರು ಗೊತ್ತಿರಲಿಲ್ಲ. ಅದು ತಾಯಿಯ ಬಾಯಲ್ಲಿತ್ತು, ನನ್ನ ಬೂತಿನಲ್ಲಿತ್ತು, ಅಷ್ಟೇ.

"ಅಕ್ಕಾ, ಸ್ವಲ್ಪ ಸಾವಕಾಶ ಮಾತಾಡವಾ, ಹೊರಗ ಮಂದಿ ಕುಂತಾರ" ಎಂದು ಒಮ್ಮೆ ಹೇಳಿದೆ.

"ಕುಂದರಲಿ ತಗೋ! ಎಲ್ಲಾ ಮರಾಠಿ ಮಂದಿ. ಕನ್ನಡ ಯಾರಿಗೆ ತಿಳೀತದ?"

ನಾನೂ ಹೌದೆಂದೆ. ಪರವೂರಿನಲ್ಲಿ ನಾವು ಮಾಡುವ ತಪ್ಪೇ ಇದು. ನಮ್ಮ ಭಾಷೆಯನ್ನು ಬೀಗ ಎಂದುಕೊಳ್ಳುತ್ತೇವೆ. ಆ ಬೀಗದ ನೆಚ್ಚಿಗೆಯಲ್ಲಿ ಆಕೆ ಪ್ರತಿ ರವಿವಾರ ಮನೆಯ ಸುದ್ದಿಯನ್ನೆಲ್ಲ ಬಸ್ ನಿಲ್ದಾಣಕ್ಕೆ ಬಡಿಸುತ್ತಿದ್ದಳು. "ಮಾಂತೂ, ಬೋರಮಾಳ ಪಾಲಿಶ್ ಮಾಡಿಸೀನಿ! ದೀಪಾವಳಿಗೆ ಕನ್ಯಾ ನೋಡಾಕ ಬಾ!"

ಎರಡು ಸಾವಿರದ ಒಂದನೇ ಇಸವಿಯ ಒಂದು ಬುಧವಾರ, ಹನ್ನೆರಡರ ಬಿಸಿಲು. ಬೂತಿಗೆ ಫೋನು ಬಂತು. ಅಪ್ಪಟ ನಮ್ಮ ಕಡೆಯ ಕನ್ನಡ.

"ಶಿವಬಸವ್ವಾರನ ಕರೀರಿ. ನಾ ಮಾಂತೂನ ಗೆಳೆಯಾ. ಐದು ಮಿನಿಟು ಬಿಟ್ಟು ಮತ್ತ ಹಚ್ತೀನಿ."

ಹಿಟ್ಟಿನ ಕೈಯಲ್ಲೇ ಬಂದಳು. ಫೋನು ಬಂತು, ಒಳಹೊಕ್ಕಳು, ಬಾಗಿಲು ಎಳೆದುಕೊಂಡಳು. ಹೊರಗೆ ಒಂದು ಮಾತೂ ಕೇಳಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಹೊರಗೆ ಬಂದವಳ ಮುಖ ಬೂದಿಯಾಗಿತ್ತು. ಕೈ ಬೋರಮಾಳದ ಮೇಲಿತ್ತು.

"ಏನಾತಕ್ಕಾ?"

"ಏನಿಲ್ಲ."

"ಏನಿಲ್ಲಂದ್ರ ಬೋರಮಾಳ ಯಾಕ ಹಿಡಕೊಂಡೀ?"

"ಯಾರಿಗೂ ಹೇಳಬ್ಯಾಡಂದಾನ" ಎಂದಳು, ಹಾಗೆನ್ನುತ್ತಲೇ ಎಲ್ಲ ಹೇಳಿಬಿಟ್ಟಳು. ಕಾರ್ಖಾನೆಯಲ್ಲಿ ಕೆಮಿಕಲ್ಲಿನ ಟಾಕಿ ಒಡೆದು ಮಾಂತುವಿನ ಮೈ ಸುಟ್ಟಿದೆ. ಕಂಪನಿಯವರು ಮುಚ್ಚಿಹಾಕುತ್ತಿದ್ದಾರೆ, ಗೇಟಿಗೆ ಫೋನು ಮಾಡಿದರೆ ದವಾಖಾನೆಯಿಂದಲೇ ಎತ್ತಿ ಒಗೆಯುತ್ತಾರೆ. ಅರ್ಧ ತಾಸಿಗೆ ಬಿಳಿ ಟೊಪ್ಪಿಗೆಯವನೊಬ್ಬ ನಿಲ್ದಾಣಕ್ಕೆ ಬರುತ್ತಾನೆ, ಬೋರಮಾಳ ಕೊಟ್ಟರೆ ಆಪರೇಶನ್ ಆಗುತ್ತದೆ.

ನನ್ನ ಕಿವಿ ನೆಟ್ಟಗಾಯಿತು. ಆ ಬೂತಿನಲ್ಲಿ ಸಾವಿನ ಸುದ್ದಿಯನ್ನೂ ಕೇಳಿದ್ದೇನೆ, ಅಪಘಾತದ್ದನ್ನೂ. ನಮ್ಮ ಮಂದಿ ಕೆಟ್ಟ ಸುದ್ದಿಯನ್ನು ಎಂದೂ ಹೆತ್ತ ತಾಯಿಯ ಕಿವಿಗೆ ನೇರವಾಗಿ ಹಾಕುವುದಿಲ್ಲ. ಮೊದಲು ನೆರೆಯವರನ್ನು ಕರೆದು, "ಆಕಿ ಊಟ ಆಗೇದೇನು? ಮಗ್ಗಲಕ ಯಾರರ ಕುಂಡ್ರಿ" ಎಂದು ಹೇಳಿ, ಆಮೇಲೆ ಬಾಯಿ ಬಿಡುತ್ತಾರೆ. ಖರೆ ಸುದ್ದಿ ತಂದವನು ನಾಲ್ಕು ಮಂದಿಯನ್ನು ಕೂಡಿಸುತ್ತಾನೆ. ಇವನು ಒಬ್ಬಳನ್ನೇ ಬೇರೆ ಮಾಡುತ್ತಿದ್ದ.

"ಅಕ್ಕಾ, ಇದು ಮೋಸ ಅದ."

"ಮೋಸ ಅಂತ ನಿಂಗೇನು ಗೊತ್ತು? ನಿನ್ನ ಹೊಟ್ಟ್ಯಾಗ ಹುಟ್ಯಾನೇನು ಅವಾ?"

ಅಷ್ಟರಲ್ಲಿ ಮತ್ತೆ ಗಂಟೆ ಬಾರಿಸಿತು. ಆಕೆಗಿಂತ ಮೊದಲು ನಾನೇ ಎತ್ತಿದೆ.

"ಹೊಂಟ್ರೇನ್ರಿ ಅವ್ವಾರು?"

"ಹೊಂಟಾರಪಾ. ಅಂದಂಗ, ನೀ ಅವನ ಪಾಳಿಯಾವನಽ ಏನು?"

"ಹೌದ್ರಿ, ಒಂದಽ ಪಾಳಿ, ಒಂದಽ ರೂಮು."

"ಕಂಪನ್ಯಾಗ ಅವಂಗ ಏನಂತ ಕರೀತೀರಿ?"

"ಮಾಂತೂ ಅಂತೀವ್ರಿ. ಮತ್ತೇನು ಸಾಹೇಬ ಅನ್ನೂನೇನು? ಲಗೂ ಕಳಸ್ರಿ!"

ಫೋನು ಇಟ್ಟೆ. "ಕೇಳಿದೇನು? ಕಂಪನ್ಯಾಗ ಮಾಂತೂ ಅಂತೀವಿ ಅಂದಾ. ಅಲ್ಲಿ ಅವಂಗ ಸಾವಳಗಿ ಬಿಟ್ಟು ಮಾಂತೂ ಅನ್ನಾವ ಒಬ್ಬರೆ ಅದಾನೇನು? ಬೋರಮಾಳದ ಸುದ್ದಿ ಇವಂಗ ಯಾರು ಹೇಳಿದ್ರು? ನೀನಽ! ಇದಽ ಗಾಜಿನ ಡಬ್ಯಾಗ ನಿಂತು!"

ಆಕೆಗೆ ನನ್ನ ಜಾಣತನ ಬೇಕಾಗಿರಲಿಲ್ಲ. "ನನಗ ನನ್ನ ಮಗನ ದನಿ ಬೇಕು" ಎಂದಳು. ಅದು ನನಗೂ ಸರಿಯೆನಿಸಿತು. ನನ್ನ ತರ್ಕ ಎಷ್ಟೇ ಗಟ್ಟಿಯಿದ್ದರೂ ಅದು ಮಗನ ಉಸಿರಲ್ಲ. ವಹಿ ತೆಗೆದು ಗೇಟಿನ ನಂಬರು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಮೂರನೆಯ ಸಲವೂ ಅದೇ. ರಸ್ತೆಯಾಚೆ ನಿಲ್ದಾಣದ ಕಂಬದ ಬಳಿ ಬಿಳಿ ಟೊಪ್ಪಿಗೆಯವನೊಬ್ಬ ಬಂದು ನಿಂತ. ಶಿವಬಸವ್ವ ಬೋರಮಾಳ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದಳು. "ಸುಳ್ಳಾದ್ರ ಬಂಗಾರ ಹೋಗತದ, ಖರೇ ಆದ್ರ ಮಗಾ ಹೋಗ್ತಾನೋ ಮಲಕಪ್ಪಾ!"

"ಇನ್ನೊಂದಽ ಸಲ ತಡಿ" ಎಂದು ಸೆರಗಿನ ತುದಿ ಹಿಡಿದುಕೊಂಡೇ ನಂಬರು ಒತ್ತಿದೆ. ಭುಜಂಗ ಎತ್ತಿದ. "ಸಾವಳಗಿ? ಥಾಂಬಾ" ಎಂದ, ತಡೆ ಎಂದು. ರಿಸೀವರನ್ನು ಇಬ್ಬರ ಕಿವಿಗೂ ಹತ್ತುವಂತೆ ಹಿಡಿದೆ. ಆ ಎರಡು ಮಿನಿಟಿನಲ್ಲಿ ಮೀಟರಿನ ಕೆಂಪು ಅಂಕಿ ಓಡಿದಂತೆಲ್ಲ ಆಕೆ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಳು.

"ಯಾಕವಾ? ಇವತ್ತ ಬುಧವಾರ ಅಲ್ಲೇನು?" ಮಾಂತುವಿನ ದನಿ, ಬಾಯಲ್ಲಿ ಅನ್ನದ ತುತ್ತು.

ಆಕೆ ಅಳಲಿಲ್ಲ. "ಮೊದಲ ನುಂಗು, ಆಮ್ಯಾಲ ಮಾತಾಡು" ಎಂದು ಬೈದಳು. ಆಮೇಲೆ ಬೋರಮಾಳ ಕೊರಳಿಗೆ ಹಾಕಿಕೊಂಡು, ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ನಿಲ್ದಾಣದ ಕಡೆ ನಡೆದಳು. ಬಿಳಿ ಟೊಪ್ಪಿಗೆ ಆ ನಡಿಗೆ ಕಂಡೇ ಓಡುವ ಸಿಟಿ ಬಸ್ಸು ಹತ್ತಿತು. ಆಗ ನನಗೆ ಆ ಮೋರೆಯ ಗುರುತು ಹತ್ತಿತು. ಎರಡು ರವಿವಾರ ನನ್ನ ಬೂತಿನ ಮುಂದಿನ ಬಾಕಿನ ಮೇಲೆ ಮರಾಠಿ ಪೇಪರು ಹಿಡಿದು ಕೂತು, ಚಹಾದವನ ಜೊತೆ ಮರಾಠಿಯನ್ನಷ್ಟೇ ಆಡಿದ ಮನುಷ್ಯ. ದನಿ ತೂಗುವ ನಾನು ಅವನ ಕನ್ನಡದ ಮೌನವನ್ನು ತೂಗಿರಲಿಲ್ಲ.

ಮರುವಾರದಿಂದ ಆಕೆ ಮೆತ್ತಗೆ ಮಾತಾಡುತ್ತಾಳೆ ಎಂದುಕೊಂಡಿದ್ದೆ. ದನಿ ಇನ್ನೂ ಏರಿತು. "ಗುರುಪಾದಾ! ಇಂದಾಪುರ ಡಿಪೋದಾಗ ಕಾಯಂ ಆದ್ಯೇನೋ? ನಿನ್ನ ಹೇಣ್ತಿ ಆಗಾಕಿ ಕೈಗಂತ ಎರಡು ಬಂಗಾರದ ಬಿಲವಾರ ಮಾಡಿಸಿಟ್ಟೀನಿ!"

ನಾನು ದಂಗಾದೆ. ಆಕೆಗೆ ಇದ್ದವನು ಒಬ್ಬನೇ ಮಗ. ಬಾಗಿ ನೋಡಿದರೆ ಮೀಟರಿನಲ್ಲಿ ಸೊನ್ನೆ. ನಂಬರೇ ಒತ್ತಿರಲಿಲ್ಲ. ಸತ್ತ ಫೋನಿನಲ್ಲಿ ಇಲ್ಲದ ಮಗನಿಗೆ ಕಾಲು ತಾಸು ಬುದ್ಧಿ ಹೇಳಿದಳು. ಆಮೇಲೆ ಖರೆಯ ಮಗನಿಗೆ ನಂಬರು ಹಚ್ಚಿಸಿ, ಪಿಸುಮಾತಿನಲ್ಲಿ ಎರಡೇ ಮಾತಾಡಿ ಇಟ್ಟಳು.

ಐದನೆಯ ವಾರಕ್ಕೆ ಫೋನು ಬಂತು. ದನಿ ಬೇರೆ, ಪಾಠ ಅದೇ. ಇಂದಾಪುರದ ಡಿಪೋದಲ್ಲಿ ಗುರುಪಾದ ಬಸ್ಸಿನ ಕೆಳಗೆ ಸಿಕ್ಕಿದ್ದಾನೆ, ಯಾರಿಗೂ ಹೇಳಬಾರದು, ಬಿಲವಾರ ತರಬೇಕು. ಈ ಸಲ ಆಕೆ ಬಾಗಿಲು ತೆರೆದೇ ಇಟ್ಟಿದ್ದಳು.

"ಅಯ್ಯ, ಹೌದೇನೋ ಯಪ್ಪಾ! ಅವಾ ಇನ್ನೂ ಹುಟ್ಟೇ ಇಲ್ಲಲ್ಲೋ, ಸಾಯಾಕ ಹೆಂಗ ಹತ್ಯಾನ? ಬಾ, ಬಿಲವಾರ ಹಿಡಕೊಂಡು ನಿಂದರ್ತೀನಿ. ಹನ್ನೊಂದು ಮಂದಿ ಡ್ರೈವರು ಈಗರೆ ರೊಟ್ಟಿ ಉಂಡು ಕೈ ತೊಳಕೊಂಡಾರ!"

ಅತ್ತ ಕಟ್ ಆಯಿತು. ನಿಲ್ದಾಣವೇ ಬಿದ್ದು ಬಿದ್ದು ನಕ್ಕಿತು. ಹನ್ನೊಂದು ಮಂದಿ ಡ್ರೈವರುಗಳೂ ನನ್ನ ಬಾಕಿನ ಮೇಲೆಯೇ ಇದ್ದರು.

ಮರುವರ್ಷ ಬೋರಮಾಳ ಸೊಸೆ ನೀತಾಳ ಕೊರಳು ಸೇರಿತು. ಮುಂದೆ ಮೊಬೈಲು ಬಂದು ನನ್ನ ಬೂತು ಮುಚ್ಚಿದಾಗ ಶಿವಬಸವ್ವನ ಸೆರಗಿನ ಗಂಟಿನಲ್ಲೂ ಒಂದು ಮೊಬೈಲು ಬಂತು. ಒಂದು ದಿನ ನಾನು ರೊಟ್ಟಿಗೆ ಕೂತಿದ್ದಾಗ ಅದು ಕುಂಯ್ ಎಂದಿತು. ನೀತಾ ಓದಿದಳು: "ಅತ್ತೀ, ನಿಮ್ಮ ನಂಬರಿಗೆ ಐದು ಲಕ್ಷದ ಲಾಟರಿ ಹತ್ಯಾದಂತ. ಹೆಸರು, ಬ್ಯಾಂಕಿನ ಖಾತೆ ನಂಬರು ಕಳಸಬೇಕಂತ. ಸದ್ಯ ಯಾರಿಗೂ ಹೇಳಬಾರದಂತ."

ಶಿವಬಸವ್ವ ತಟ್ಟುವ ಕೈ ನಿಲ್ಲಿಸಲಿಲ್ಲ.

"ನಮಗ್ಯಾಕವಾ ಅಷ್ಟು ರೊಕ್ಕ? ಗುರುಪಾದಗ ಕೊಡಾಕ ಹೇಳು."