ಇಬ್ಬರ ಒಪ್ಪಿಗೆ

ನೋಲೀನ್ ಹಾರಕ್ಸ್ ಸಭೆಗೆ ಬಂದರೆ ಮೊದಲು ಕಿಟಕಿಯಾಚೆ ಆಕಾಶ ನೋಡುತ್ತಿದ್ದಳು, ಆಮೇಲೆ ನಮ್ಮನ್ನು. ಅಣೆಕಟ್ಟುಗಳ ಮೇಲೆಯೇ ಆಯುಷ್ಯ ಸವೆಸಿದ ಎಂಜಿನಿಯರು ಅವಳು. ನಮ್ಮ ಕಬ್ಬಿನ ಊರು ಟಲ್ಲಿಗನ್, ಅದರ ಮೇಲ್ಗಡೆಯ ಅಣೆಕಟ್ಟಿನ ಹೊಣೆ ಅವಳದು. ಉತ್ತರ ಕ್ವೀನ್ಸ್‌ಲ್ಯಾಂಡಿನ ಐದು ಊರುಗಳ ಅಣೆಕಟ್ಟಿನವರು ಸೇರಿ, ಅಪಾಯದ ಹೊತ್ತಿನಲ್ಲಿ ಏನು ಮಾಡಬೇಕೆಂದು ಎಲ್ಲರಿಗೂ ಒಂದೇ ಕೈಪಿಡಿ ಬರೆಯಲು ಕೂತಿದ್ದೆವು. ಊರಿನ ನೀರಿನ ಪಂಪು ನೋಡಿಕೊಳ್ಳುವವನೆಂದು ನನಗೂ ಒಂದು ಕುರ್ಚಿ ಸಿಕ್ಕಿತ್ತು.

ಸಭೆ ಶುರುವಾಗುವುದೇ ಒಂದು ಸುರಕ್ಷತೆಯ ಕಥೆಯಿಂದ. ಅದಿಲ್ಲದೆ ಈ ಸೀಮೆಯಲ್ಲಿ ಯಾವ ಕೆಲಸಕ್ಕೂ ಕೈ ಹಚ್ಚುವುದಿಲ್ಲ. ಏಣಿಯಿಂದ ಜಾರಿದವನದು, ಬೂಟಿನೊಳಗೆ ಹಾವು ಕಂಡವನದು, ನೆರೆನೀರಿಗೆ ಕಾರು ಇಳಿಸಿದವನದು. ಅಧ್ಯಕ್ಷ ಮರ್ರಿ ಪೆಂಗೆಲ್ಲಿಗೆ ಈ ಕಥೆಗಳೆಂದರೆ ಪಂಚಪ್ರಾಣ. ಕೇಳಿ ತಲೆದೂಗಿ, ಕೊಬ್ಬರಿ ಹೊದ್ದ ಲ್ಯಾಮಿಂಗ್ಟನ್ ಕೇಕು ತಿಂದು ಮುಂದಿನ ಮಾತಿಗೆ ಹೋಗುತ್ತಿದ್ದೆವು. ನೋಲೀನ್‌ಗೆ ಮಾತ್ರ ಮೈಯುರಿ.

"ಏಣಿಯಿಂದ ಬಿದ್ದು ಇಡೀ ಊರೇ ಸತ್ತಿದ್ದು ಯಾರಾದ್ರೂ ಕೇಳಿದೀರಾ?" ಎಂದಳು ಒಮ್ಮೆ. "ಗೇಟು ಕೈಕೊಟ್ರೆ ಸಣ್ಣ ವಿಷ್ಯ. ಫೋನ್ ಸತ್ರೆ ಸಣ್ಣ ವಿಷ್ಯ. ಕಟ್ಟೆ ಬುಡದಲ್ಲಿ ಒಂಚೂರು ಕೆಸರುನೀರು ಜಿನುಗಿದ್ರೂ ಸಣ್ಣ ವಿಷ್ಯಾನೇ ಅಂತೀರಿ. ಮೂರೂ ಒಂದೇ ದಿನ ಬಂದ್ರೆ? ಆಗ ಅಲ್ಲಿರೋನು ಯಾರ ಅಪ್ಪಣೇನೂ ಕೇಳ್ಬಾರ್ದು. ಸೈರನ್ ಒತ್ಬೇಕು, ಅಷ್ಟೆ. ಇದನ್ನ ಬರೀರಿ ಮೊದಲು."

"ಒಬ್ಬನ ಕೈಗೆ ಊರನ್ನ ಕೊಡೋದಾ?" ಎಂದ ಮರ್ರಿ. "ಒಬ್ಬನೇ ಇದ್ದಾಗ ಎಂಥವನೂ ಹೆದರ್ತಾನೆ. ನಿಂಗೇ ಗೊತ್ತಲ್ಲ, ನೋಲೀನ್."

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಅಣೆಕಟ್ಟಿನಲ್ಲಿ ಒಬ್ಬಳೇ ಇದ್ದು ಸೈರನ್ ಒತ್ತಿದ್ದಳು. ಊರು ಬಿದ್ದು ಎದ್ದು ಓಡಿತು. ನೀರು ಬರಲಿಲ್ಲ. ಓಟದಲ್ಲಿ ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡು, ಹಾಸಿಗೆ ಹಿಡಿದು ಸತ್ತಳು. ಅಂದಿನಿಂದ ಇವಳು ಪಬ್ಬಿಗೆ ಕಾಲಿಟ್ಟರೆ ಯಾರಾದರೊಬ್ಬರು ಸೈರನ್ನಿನಂತೆ ಊಳಿಡುತ್ತಿದ್ದರು. ನೋಲೀನ್ ನಗುತ್ತಿದ್ದಳು, ಆದರೆ ಆ ಮುದುಕಿಯ ಸಮಾಧಿಗೆ ಪ್ರತಿ ವರ್ಷ ಹೂವಿಡಲು ಹೋಗುತ್ತಿದ್ದಳು.

ಅವತ್ತು ಅವಳು ಮುಂದಿದ್ದ ಕಾಗದಗಳನ್ನು ಮರ್ರಿಯತ್ತ ತಳ್ಳಿ, "ಸರಿ, ಇಬ್ಬರು ಒಪ್ಪಿದ್ರೆ ಮಾತ್ರ ಸೈರನ್ ಅಂತ ಬರೀರಿ," ಎಂದಳು. ಕಟ್ಟೆಯ ಮೇಲಿರುವವನು ಒಬ್ಬ, ಫೋನಿನಲ್ಲಿ ಹೂಂ ಎನ್ನುವವರು ಇನ್ನೊಬ್ಬರು. ಟಲ್ಲಿಗನ್‌ಗೆ ಆ ಇನ್ನೊಬ್ಬರು ನೋಲೀನೇ. ಕಟ್ಟೆಯ ಮೇಲಿನವನು ಕೆಲ್ವಿನ್ ಡಾಸ್, ಅವಳೇ ತಿದ್ದಿ ತೀಡಿದ ಹುಡುಗ. ಒಪ್ಪಿಗೆಯಿಲ್ಲದೆ ಸೈರನ್ನಿನ ಗುಂಡಿ ಮುಟ್ಟಕೂಡದೆಂದು ಅವನ ತಲೆಗೆ ತುಂಬಿದವಳೂ ಅವಳೇ.

ನಮ್ಮಲ್ಲಿ ಫೆಬ್ರವರಿಯೆಂದರೆ ನಡು ಮಳೆಗಾಲ, ಮಳೆ ಹಿಡಿದರೆ ಬಿಡುವ ಪೈಕಿಯಲ್ಲ. ಆ ಮಧ್ಯಾಹ್ನ ನಾನು ನೋಲೀನ್ ಮನೆಯ ವರಾಂಡದಲ್ಲಿ ಚಹಾ ಕುಡಿಯುತ್ತಿದ್ದೆ. ಗೇಟಿನ ಮೋಟಾರು ನಿಂತಿದೆಯೆಂದು ಕೆಲ್ವಿನ್ ಬೆಳಿಗ್ಗೆಯೇ ಹೇಳಿದ್ದ. ಈಗ ಮತ್ತೆ ಫೋನ್ ಮಾಡಿದ.

"ನೋಲೀನ್, ಬುಡದಲ್ಲಿ ಜಿನುಗೋ ನೀರು ಕೆಂಪಗಾಗಿದೆ. ಕಟ್ಟೆ ಒಳಗಿನ ಮಣ್ಣು ಕೊಚ್ಚಿ ಬರ್ತಾ ಇದೆ ಅನ್ಸುತ್ತೆ. ನೀವೇನಂತೀರಿ..."

ಅಷ್ಟರಲ್ಲಿ ಮಾತು ಕಡಿಯಿತು. ನನ್ನ ಫೋನೂ ಸತ್ತಿತ್ತು. ಗುಡ್ಡದ ಮೇಲಿನ ಟವರು ಹೋಗಿತ್ತು, ಅಣೆಕಟ್ಟಿನ ವೈರ್‌ಲೆಸ್ಸು ರಿಪೇರಿಗೆ ಹೋಗಿ ಇನ್ನೂ ಬಂದಿರಲಿಲ್ಲ. ನೋಲೀನ್ ಚಹಾದ ಲೋಟ ಕೆಳಗಿಟ್ಟು ಎದ್ದಳು.

"ಒತ್ತೇ ಒತ್ತುತ್ತಾನೆ ಬಿಡು, ದಡ್ಡನೇನಲ್ಲ," ಎಂದೆ.

"ಒತ್ತಲ್ಲ ಕಣೋ. ಅವನಿಗೆ ಕಲಿಸಿದವಳು ನಾನು."

ಹಳದಿ ಮಳೆಯಂಗಿ ತೊಟ್ಟು ಗಾಡಿಯ ಕೀಲಿ ತೆಗೆದುಕೊಂಡಳು. "ನೀನು ನದಿ ದಂಡೆಯವರನ್ನ ಸ್ಕೂಲಿನ ಗುಡ್ಡಕ್ಕೆ ಹತ್ತಿಸು. ಬೈದ್ರೆ ಬೈಸ್ಕೋ."

"ದಾರೀಲಿ ಹಳ್ಳದ ಸೇತುವೆ ಮುಳುಗಿರುತ್ತೆ, ನೋಲೀನ್!"

"ಗೊತ್ತು," ಎಂದಳು, ಹೊರಟಳು.

ನಾನು ಬಾಗಿಲು ಬಡಿದೆ, ಕೂಗಿದೆ, ಕಾಲಿಗೆ ಬೀಳುವುದೊಂದು ಬಾಕಿ. ದಂಡೆಯ ಮೇಲೆ ಕ್ಯಾರವಾನುಗಳಲ್ಲಿ, ಅಂದರೆ ಗಾಲಿಮನೆಗಳಲ್ಲಿ ಇದ್ದವರು ಪರದೆ ಸರಿಸಿ ನಕ್ಕರು. "ಏನು, ನೋಲೀನ್ ಮತ್ತೆ ಶುರು ಹಚ್ಕೊಂಡ್ಳಾ? ಸೈರನ್ ಆದ್ರೆ ನೋಡೋಣ ಹೋಗಯ್ಯ." ನನಗೆ ಅಳು ಬಂತು, ಸಿಟ್ಟೂ ಬಂತು. ಅಣೆಕಟ್ಟಿನ ಕಡೆಯಿಂದ ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಮುಂದಿನದು ಕೆಲ್ವಿನ್ ಹೇಳಿದ್ದು. ಅವನು ಗುಂಡಿಯ ಪಕ್ಕದಲ್ಲೇ ನಿಂತು, ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಒತ್ತಲೋ ಬೇಡವೋ ಎಂದು ಕೈ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಆಗ ಕೆಳಗೆ ಹಳ್ಳದ ಸೇತುವೆಯ ನಡುವೆ ಅವಳ ಗಾಡಿ ಬಂದು ನಿಂತುಹೋದದ್ದು ಕಂಡಿತು. ಸುತ್ತ ನೀರು ಸುಳಿಯುತ್ತಿತ್ತು. ಹಳದಿ ಅಂಗಿಯ ಹೆಂಗಸು ಕಿಟಕಿಯಿಂದ ತೂರಿ ಗಾಡಿಯ ನೆತ್ತಿ ಹತ್ತಿದಳು. ಸಹಾಯಕ್ಕೆ ಕರೆಯಲಿಲ್ಲ. ನೆಟ್ಟಗೆ ನಿಂತು, ಸಭೆಯಲ್ಲಿ ಮತ ಹಾಕುವಾಗ ಎತ್ತುವ ಹಾಗೆ, ಬಲಗೈ ಮೇಲೆತ್ತಿದಳು.

ಕೆಲ್ವಿನ್ ಒತ್ತಿದ.

ಸೈರನ್ ಕೂಗಿದ್ದೇ ತಡ, ನಕ್ಕವರೆಲ್ಲ ಮಕ್ಕಳನ್ನು ಎತ್ತಿಕೊಂಡು ಓಡಿದರು. ಗುಡ್ಡದ ಮೇಲೆ ನಿಂತು ತಿರುಗಿ ನೋಡುವಷ್ಟರಲ್ಲಿ ಕಟ್ಟೆಯ ಎಡಭುಜ ಕುಸಿಯಿತು, ಕೆಲ್ವಿನ್ ನಿಂತಿದ್ದ ಬಲತುದಿ ಮಾತ್ರ ಉಳಿಯಿತು. ಕೆಳಗಿನ ಬೀದಿಗಳೂ ಕ್ಯಾರವಾನುಗಳೂ ಕಣ್ಣೆದುರೇ ಕೊಚ್ಚಿಹೋದವು. ತಲೆ ಎಣಿಸಿದರೆ ಊರಿನವರೆಲ್ಲ ಇದ್ದರು, ಒಬ್ಬಳು ಬಿಟ್ಟು.

ಮಳೆಗಾಲ ಕಳೆದ ಮೇಲೆ ಸಭೆ ಮತ್ತೆ ಸೇರಿತು. ನೋಲೀನ್ ಕುರ್ಚಿಯಲ್ಲಿ ಕೆಲ್ವಿನ್ ಕೂತಿದ್ದ. ನಮ್ಮ ಕಟ್ಟೆ ಹೋಗಿತ್ತು, ಉಳಿದ ನಾಲ್ಕು ನಿಂತಿದ್ದವು, ಅವುಗಳ ಕೆಳಗೆ ಊರುಗಳೂ ಇದ್ದವು. ಮರ್ರಿ ಎದ್ದು ನಿಂತ. ಅವನ ಕಣ್ಣು ತುಂಬಿದ್ದು ನಾಟಕವಲ್ಲ.

"ಇವತ್ತಿನ ಸುರಕ್ಷತೆಯ ಕಥೆ ನಮ್ಮ ನೋಲೀನ್‌ದು. ಎಷ್ಟೇ ಅನುಭವ ಇರ್ಲಿ, ಹರಿಯೋ ನೀರಿಗೆ ಗಾಡಿ ಇಳಿಸ್ಬಾರ್ದು."

ಎಲ್ಲರೂ ತಲೆದೂಗಿದರು. ಕೇಕಿನ ತಟ್ಟೆ ನನ್ನ ಮುಂದೆ ಬಂದಾಗ ಅದನ್ನೆತ್ತಿ ಗೋಡೆಗೆ ಬೀಸೋಣವೆನಿಸಿತು.

"ಅವರು ನೀರಿಗಿಳಿದಿದ್ದು ನಾನು ಕಾಯ್ತಾ ನಿಂತಿದ್ದಕ್ಕೆ," ಎಂದ ಕೆಲ್ವಿನ್. "ಇಬ್ಬರು ಬೇಕು ಅಂತ ಇಲ್ಲಿ ಬರೆದಿದ್ದಕ್ಕೆ. ಅದನ್ನ ತೆಗೀರಿ."

"ನಿನ್ನ ಸಂಕಟ ಅರ್ಥ ಆಗುತ್ತಪ್ಪಾ," ಎಂದ ಮರ್ರಿ, ನಿಜವಾದ ಕನಿಕರದಿಂದ. "ಆದ್ರೆ ನೀನೇ ನೋಡು. ಇಬ್ಬರು ಒಪ್ಪಿದ್ರು, ಊರು ಉಳೀತು. ನಿಯಮ ಕೆಲಸ ಮಾಡ್ತು, ಅಲ್ವಾ?"

ಮತಕ್ಕೆ ಹಾಕಿದರು. ನಿಯಮ ತೆಗೆಯಬೇಕೆಂದು ಎತ್ತಿದ್ದು ಎರಡೇ ಕೈ, ಕೆಲ್ವಿನ್‌ದು ಮತ್ತು ನನ್ನದು. ಕೈಪಿಡಿ ಅಚ್ಚಿಗೆ ಹೋಗಲಿ ಎಂದರು. ನಾನು ಕೈ ಇಳಿಸಿದೆ.

"ಎಣಿಸಿ ಆಯ್ತು, ಇಳಿಸಪ್ಪಾ," ಎಂದ ಮರ್ರಿ.

ಕೆಲ್ವಿನ್ ಇಳಿಸಲಿಲ್ಲ.